ಒರೆಸದ ತಾಟು

ಮರದೊಳಗೆ ಬೆಂಕಿಯಾಗಿ, ಬೆಂಕಿಯೊಳಗೆ ಬೆಳಕಾಗಿ, ಕುಶಲಿಯ ಕೈಯೊಳಗೆ ಅಳತೆಯಾಗಿ ನಿಂತ ವಿಶ್ವಕರ್ಮನಿಗೆ ಶರಣು. ಉಳಿಯ ಮೊನೆಯಲ್ಲಿ ನೆಲೆಸಿದ ತಾಯಿ ಕಾಳಿಕೆಗೆ ಶರಣು. ಅವರ ಅನುಜ್ಞೆಯಿಂದ ಈ ಕಥೆ.

"ಕೇಳಿಸ್ತೇನ?" ಎನ್ನುತ್ತ ಮಾನಪ್ಪ ಬಡಿಗೇರ ಫೋನನ್ನು ಧೂಳು ಹೀರುವ ಯಂತ್ರದ ಕಡೆಗೆ ಚಾಚಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ರಿಮೋಟು. ಗುಂಡಿ ಒತ್ತಿದೊಡನೆ ಮೂಲೆಯ ಮೋಟಾರು ಗುಡುಗಿತು, ಅದರ ಬಟ್ಟೆಯ ಚೀಲ ಉಬ್ಬಿ ನಿಂತಿತು. ಮತ್ತೊಮ್ಮೆ ಒತ್ತಿದಾಗ ಚೀಲ ಕುಸಿದು ಜೋತುಬಿತ್ತು.

"ಸಪ್ಪಳ ಕೇಳಿಸ್ತರಿ," ಎಂದಳು ಹನುಮಸಾಗರದ ತವರಿನಿಂದ ಅವನ ಹೆಂಡತಿ ಕಳಕಮ್ಮ. "ಧೂಳು ಫೋನ್‌ನ್ಯಾಗ ಕಾಣ್ತೈತೇನ್ರಿ?"

"ನಿಂತಲ್ಲಿಂದನ ಚಾಲೂ ಆಗ್ತೈತಿ. ಗ್ವಾಡಿತನಾ ಹೋಗೂದ ಬ್ಯಾಡ."

ಅತ್ತ ಕಡೆ ಕಳಕಮ್ಮ ದಿನ ಎಣಿಸಿದಳು. "ಅಮಾಸಿ ದಿನ ತಮ್ಮನ ಕುಲುಮಿ ಬಂದ್ ಇರ್ತೈತಿ. ಅವನ ಗಾಡಿ ಮ್ಯಾಲ ಬರ್ತೀನಿ. ಕಣ್ಣಿಲೆ ನೋಡಿ ಹೇಳ್ತೀನಿ."

ಫೋನು ಇಟ್ಟ ಮೇಲೆ ಮಾನಪ್ಪನಿಗೆ ಹೊಳೆಯಿತು. ಅಮಾವಾಸ್ಯೆಯಂದು ಕಮ್ಮಾರನ ಕುಲುಮೆಯಂತೆ ಬಡಿಗನ ಗರಗಸಕ್ಕೂ ವಿಶ್ರಾಂತಿ. ಅಜ್ಜನ ಕಾಲದಿಂದ ಆ ದಿನ ಈ ಮನೆಯಲ್ಲಿ ಒಂದು ಮೊಳೆಯನ್ನೂ ಯಾರೂ ಬಡಿದಿರಲಿಲ್ಲ. ಬೇರೆ ದಿನ ಬಾ ಎನ್ನೋಣವೆಂದು ಫೋನು ಕೈಗೆತ್ತಿಕೊಂಡ. ಹಾಗೆಂದರೆ ಬರುವುದನ್ನೇ ಬಿಟ್ಟಾಳೆಂದು ಅಂಜಿ ಕೆಳಗಿಟ್ಟ.

ತಳಕಲ್ಲಿನ ಆ ಮನೆಯ ಮುಂಭಾಗವೇ ಕಾರ್ಖಾನೆ, ಹಿಂಭಾಗ ಅಡುಗೆಮನೆ. ನಡುವೆ ಸೂರನ್ನು ಮುಟ್ಟದ ಒಂದು ಮೋಟುಗೋಡೆ. ತೇಗ ಕೊಯ್ದರೂ ಬೇವು ಕೊಯ್ದರೂ ಅದರ ಹುಡಿ ಗೋಡೆ ದಾಟಿ ಮಜ್ಜಿಗೆಯ ಗಡಿಗೆಯವರೆಗೆ ಹೋಗುತ್ತಿತ್ತು. ಕಳಕಮ್ಮನಿಗೆ ದಮ್ಮು ಹತ್ತಿದಾಗ ಕೊಪ್ಪಳದ ವೈದ್ಯರು ಧೂಳೇ ಶತ್ರುವೆಂದರು. ಮಾನಪ್ಪ ಗಿಣಿಗೇರಿಯಿಂದ ಹಳೆಯ ಯಂತ್ರವೊಂದನ್ನು ತಂದು ನಿಲ್ಲಿಸಿದ. ಆದರೆ ಅದರ ಗುಂಡಿಯಿದ್ದುದು ಹಲಗೆಗಳ ರಾಶಿಯ ಆಚೆಯ ಗೋಡೆಯಲ್ಲಿ. ಇದೊಂದು ಹಲಗೆ ಕೊಯ್ದು ಯಂತ್ರ ಹಚ್ಚಿದರಾಯಿತು ಎಂದುಕೊಂಡೇ ದಿನ ಕಳೆಯುತ್ತಿತ್ತು. ಒಂದು ಮುಂಜಾನೆ ಆಕೆ ಸೀರೆಗಳನ್ನು ಗಂಟು ಕಟ್ಟಿದಳು. ಸಿಟ್ಟಿನ ಮಾತೇನೂ ಆಡಲಿಲ್ಲ. "ನನ್ನ ಉಸಿರಿಗಿಂತ ನಿಮಗ ಆ ಗ್ವಾಡಿತನಾ ನಡ್ಯೂದು ಭಾರ ಆತು," ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಅಂದಿನಿಂದ ಮಾನಪ್ಪ ಖಾನಾವಳಿಯ ರೊಟ್ಟಿಯನ್ನು ಕಾಗದದಲ್ಲಿಯೇ ಬಿಚ್ಚಿ, ನಿಂತುಕೊಂಡೇ ಉಣ್ಣುತ್ತಿದ್ದ. ರಿಮೋಟಿನ ಯೋಚನೆ ಬಂದದ್ದು ಹಾಗೆ ನಿಂತಾಗಲೇ. ಮನೆಬಾಗಿಲಿಗೆ ಹಾಕುವ ಕರೆಗಂಟೆಯೊಂದನ್ನು ಬಿಚ್ಚಿ, ಗಂಟೆಯ ಬದಲು ಮೋಟಾರನ್ನು ಜೋಡಿಸಿದ. ಅದು ಚಟ್ಟೆಂದು ಸುಟ್ಟುಹೋಯಿತು. ಪಂಪ್‌ಸೆಟ್ಟುಗಳಿಗೆ ತಂತಿ ಸುತ್ತುವ ಹಾಲೇಶ ಬಂದು ನೋಡಿ ನಕ್ಕ.

"ಕಾಕಾ, ಬೆಲ್ ಒತ್ತಿದ್ರ ಕಾಕಿ ಬರ್ತಾಳಂತ ಮಾಡೀಯೇನ?"

"ಬಾಯಿ ಮುಚ್ಚಿ ದಾರಿ ಹೇಳಲೇ."

"ಇಷ್ಟ ಸಣ್ಣದು ಮೋಟರ್ ಭಾರ ತಡೀತೈತೇನ? ನಡುವ ಬೋರಿನ ಸ್ಟಾರ್ಟರ್ ಹಾಕು. ಬೆಲ್ಲು ಸ್ಟಾರ್ಟರ್‌ಗೆ ಹೇಳ್ತೈತಿ, ಸ್ಟಾರ್ಟರ್ ಮೋಟರ್‌ಗೆ ಹೇಳ್ತೈತಿ. ನಿನಗ ಹೇಳಾವ್ರು ಮಾತ್ರ ಯಾರೂ ಇಲ್ಲ ನೋಡು."

ಹಾಲೇಶ ತಮಾಷೆಗೆಂದ ಆ ಮಾತು ಬಹಳ ದಿನ ಮಾನಪ್ಪನ ಕಿವಿಯಲ್ಲಿ ಉಳಿಯಿತು.

ಅಮಾವಾಸ್ಯೆ ಬಂತು. ಮಾನಪ್ಪ ಬೆಳಗಿನಲ್ಲೇ ಎದ್ದು ಸೂರಿನಿಂದ ನೆಲದವರೆಗೆ ಗುಡಿಸಿದ, ಒರೆಸಿದ, ತೊಳೆದ. ಗರಗಸ, ಉಳಿ, ಬಾಚಿಗಳನ್ನು ಕಾಳಮ್ಮನ ಪಟದ ಮುಂದೆ ಸಾಲಾಗಿ ಇಟ್ಟು ವಿಭೂತಿ ಬಳಿದ. ರಿಮೋಟನ್ನೂ ಬಾಚಿಯ ಮಗ್ಗುಲಿಗಿಟ್ಟು ಕುಂಕುಮದ ಬೊಟ್ಟು ಹಚ್ಚಿದ.

ಕಳಕಮ್ಮ ಹೊಸ್ತಿಲಲ್ಲಿ ರೂಢಿಯಂತೆ ಸೆರಗಿನಿಂದ ಮೂಗು ಮುಚ್ಚಿದಳು. ಬಳಿಕ ಮೆಲ್ಲನೆ ಇಳಿಸಿದಳು. ಅವಳ ತಮ್ಮ ಕಾಳೇಶ ಪಟದ ಮುಂದೆ ಬಗ್ಗಿ ನೋಡಿ, "ಮಾವ, ರಿಮೋಟಿಗೂ ಕುಂಕುಮ ಹಚ್ಚೀದಿಯಲ್ಲೋ!" ಎಂದ.

"ಕೆಲಸ ಮಾಡೂದೆಲ್ಲಾ ಹತ್ಯಾರನ."

ಯಾರೂ ಕೇಳದಿದ್ದರೂ ಮಾನಪ್ಪನ ಕೈ ರಿಮೋಟಿನ ಕಡೆಗೆ ಹೋಯಿತು.

"ಬ್ಯಾಡ್ರಿ," ಎಂದಳು ಕಳಕಮ್ಮ. "ಅವ್ವನ ಮುಂದ ಇಟ್ಟದ್ದು. ನನ್ನ ಸಲುವಾಗಿ ಅದನ್ನ ಮುಟ್ಟಬ್ಯಾಡ್ರಿ."

ಅವಳು ಅಡುಗೆಮನೆಗೆ ಹೋಗಿ ಪಾತ್ರೆಯಿಡುವ ಗೋಡೆಯ ಮಾಡದಲ್ಲಿ ಬೆರಳೆಳೆದಳು. ಬೆರಳು ಸ್ವಚ್ಛವಾಗಿತ್ತು. ಮಾನಪ್ಪನ ಮುಖ ಅರಳಿತು.

"ಮುಂಜಾನಿ ಒರಸೀರೇನ?"

"ಅಮಾಸಿ ಅಲ್ಲೇನ? ಎಲ್ಲಾ ತೊಳದೀನಿ."

"ಒರಸಿದ ಮನಿ ಏನ್ ಸಾಕ್ಷಿ ಹೇಳ್ತೈತ್ರಿ?" ಅವಳ ದನಿಯಲ್ಲಿ ಕಹಿಯಿರಲಿಲ್ಲ, ದಣಿವಿತ್ತು. ತಾನು ಉಣ್ಣುವ ಸ್ಟೀಲಿನ ತಾಟನ್ನು ತೊಳೆದು, ಒರೆಸಿ, ಮಾಡದ ತುದಿಗಿಟ್ಟಳು. "ಇದನ್ನ ಮುಟ್ಟಬ್ಯಾಡ್ರಿ. ಬರೂ ಅಮಾಸಿಗೆ ಬಂದು ನೋಡ್ತೀನಿ. ಹಿಂಗ ಹೊಳೀತಿದ್ರ ಗಂಟು ಇಲ್ಲೇ ಬಿಚ್ಚತೀನಿ."

ಹೊತ್ತು ಇಳಿಯುವ ಮುನ್ನ ಕಾಳೇಶನ ಗಾಡಿ ಅವಳನ್ನು ಹೊತ್ತು ಹೋಯಿತು.

ಮರುದಿನದಿಂದ ಮಾನಪ್ಪ ಗುಂಡಿ ಒತ್ತದೆ ಗರಗಸ ಮುಟ್ಟಲಿಲ್ಲ. ಕೈಮರೆತು ಒಂದು ಚಕ್ಕೆಯನ್ನೂ ಸೀಳಲಿಲ್ಲ. ಆದರೂ ಒಂದು ಮಧ್ಯಾಹ್ನ ಬೆಳಕಿಂಡಿಯ ಬಿಸಿಲು ಮಾಡದೊಳಗೆ ಓರೆಯಾಗಿ ಬಿದ್ದಾಗ, ತಾಟಿನ ಮೇಲೆ ತೆಳ್ಳನೆಯ ಪೊರೆ ಕಂಡಿತು. ಹೆಗಲ ಮೇಲೆ ವಸ್ತ್ರವಿತ್ತು. ಒಮ್ಮೆ ಸವರಿದರೆ ಸಾಕು. ನೋಡುವವರು ಯಾರೂ ಇರಲಿಲ್ಲ. ವಸ್ತ್ರವನ್ನು ಮುದ್ದೆ ಮಾಡಿ ಬಹಳ ಹೊತ್ತು ನಿಂತಿದ್ದು, ಕಡೆಗೆ ಫೋನು ಹಚ್ಚಿದ.

"ತಾಟಿನ ಮ್ಯಾಲ ಧೂಳು ಕುಂತೈತಿ."

ಅತ್ತ ಕೆಮ್ಮಿನ ಸದ್ದು. ಬಳಿಕ, "ಭಾಳ ಐತೇನ್ರಿ?"

"ಬೆರಳಿಲೆ ಹೆಸರು ಬರದ್ರ ಮೂಡೂವಷ್ಟು."

"ಒರಸಲಿಲ್ಲೇನ್ರಿ?"

"ಇಲ್ಲ."

ಅವಳ ದನಿ ಮೆತ್ತಗಾಯಿತು: "ಎಲ್ಲಿಂದ ಬರ್ತೈತಿ ನೋಡ್ರಿ ಮತ್ತ. ಉಂಡೀರೇನ?"

"ಉಣ್ತೀನಿ."

ಉಣ್ಣಲಿಲ್ಲ. ದೇವರ ಗೂಡಿನಿಂದ ಊದಬತ್ತಿಯೊಂದನ್ನು ತಂದು ಹಚ್ಚಿ, ರಿಮೋಟಿನ ಗುಂಡಿ ಒತ್ತಿ, ಮೋಟಾರಿನ ಸುತ್ತ ಮಂಡಿಯೂರಿ ಸರಿದ. ಕೊಳವೆಯ ಒಂದೊಂದು ಬೆಸುಗೆಯ ಬಳಿಯೂ ಹೊಗೆ ನೆಟ್ಟಗೆ ಏರಿತು. ಚೀಲದ ಹೊಲಿಗೆಯ ಹತ್ತಿರ ಬಂದಾಗ ಮಾತ್ರ ಅದು ಬಾಗಿತು. ಕಾಣದ ತೂತಿನಿಂದ ಯಾರೋ ಊದುತ್ತಿರುವಂತೆ ನೀಲಿಯ ಎಳೆಯೊಂದು ಮೋಟುಗೋಡೆಯನ್ನು ದಾಟಿ ಅಡುಗೆಮನೆಯ ಕಡೆಗೆ ಹೋಗುತ್ತಿತ್ತು. ಮಾನಪ್ಪ ಆ ಜಾಗದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಕುಳಿತ. ಹೊಗೆ ಮತ್ತೆ ನೆಟ್ಟಗಾಯಿತು. ಬತ್ತಿ ಉರಿದು ಬೂದಿ ಮೊಣಕಾಲಿನ ಮೇಲೆ ಬೀಳುತ್ತಿದ್ದರೂ ಅವನು ಬೆರಳು ತೆಗೆಯಲಿಲ್ಲ.

ಇದನ್ನು ಕೇಳಿದವರೆಲ್ಲರ ಉಸಿರು ಹಗುರವಾಗಿರಲಿ, ಅಗಲಿದವರ ನಡುವಿನ ದಾರಿ ಕಿರಿದಾಗಲಿ, ಎಲ್ಲರಿಗೂ ಮಂಗಳವಾಗಲಿ.