ಗಿರಾಕಿಗಳು ಕೋಳಿಗಳಲ್ಲ

"ಒಂದ್ಸಲ ಸ್ಪ್ರೇ ಹೊಡೆದುಬಿಡ್ಲಾ? ನೊಣ ಮುಖದ ಮೇಲೇ ಕೂರ್ತಿದಾವಲ್ಲ," ಎಂದು ಸೋದರಮಾವ ಡಬ್ಬಿಯ ಮುಚ್ಚಳ ತೆಗೆದ.

"ಅಮ್ಮನ ಎದುರಿಗಾ? ಹೊಡಿ ಮಾವ, ಎದ್ದು ಕೂತು ನಿನ್ನ ಕಿವಿ ಹಿಂಡ್ತಾಳೆ."

ಮಗಳು ಡಬ್ಬಿ ಕಿತ್ತುಕೊಂಡು ಕಿಟಕಿಯಾಚೆ ಇಟ್ಟಳು, ತಾನೇ ಬೀಸಣಿಗೆ ಹಿಡಿದು ಕುಳಿತಳು. ತೀರಿಕೊಂಡು ನಡುಮನೆಯಲ್ಲಿ ಮಲಗಿದ್ದ ತಾಯಿ ಆ ಡಬ್ಬಿಯೊಳಗಿನ ಔಷಧವನ್ನೇ ಕಂಪನಿಯ ಲ್ಯಾಬಿನಲ್ಲಿ ಪರೀಕ್ಷಿಸಿದವಳು, ಅದರಿಂದಲೇ ಕೆಲಸ ಕಳೆದುಕೊಂಡವಳು.

ಹೊರಗೆ ಕಾರು ನಿಂತಿತು. ಕಂಪನಿಯ ಮ್ಯಾನೇಜರು ದೊಡ್ಡದೊಂದು ಹೂವಿನ ಚಕ್ರ ತಂದು ಹೊಸ್ತಿಲ ಒಳಗಿಟ್ಟರು. ಅದರ ರಿಬ್ಬನ್ನು ನೆಲಕ್ಕೆ ಇಳಿಬಿದ್ದಿತ್ತು.

"ನಾಲ್ಕು ಮಾತಾಡ್ತೀನಮ್ಮಾ. ನಮ್ಮ ಔಷಧ ಸುರಕ್ಷಿತ ಅಂತ ತೋರಿಸಿಕೊಟ್ಟವರೇ ನಿಮ್ಮ ತಾಯಿ. ಜನಕ್ಕೆ ಗೊತ್ತಾಗ್ಬೇಕು."

ಬೀಸಣಿಗೆ ನಿಂತಿತು.

*

ಕೆಲವು ವರ್ಷಗಳ ಹಿಂದೆ, ಔಷಧ ಕುಡಿಸಿದ ಮರುದಿನ ಲ್ಯಾಬಿನ ಇಲಿಗಳು ಎದ್ದು ಓಡಾಡಿದ್ದವು. ಕೋಳಿಗಳೂ ಚೆನ್ನಾಗಿಯೇ ಇದ್ದವು. "ಮುಗೀತಲ್ಲ, ಸುರಕ್ಷಿತ ಅಂತ ಸಹಿ ಹಾಕಿ," ಎಂದಿದ್ದರು ಮ್ಯಾನೇಜರು. ತಾಯಿ ಹಾಕಲಿಲ್ಲ. ದಿನಾ ಸಂಜೆ ಓರೆ ಹಲಗೆಯಿಟ್ಟು ಒಂದೊಂದೇ ಕೋಳಿಯನ್ನು ಹತ್ತಿಸಿ ನಡಿಗೆ ನೋಡಿದಳು. ಜೊತೆಯವರು 'ಕೋಳಿಯಕ್ಕ' ಎಂದು ಛೇಡಿಸಿದರು. ಮೂರನೆಯ ವಾರ ಹಲಗೆಯ ಮೇಲೆ ಕಾಲುಗಳು ಜಾರತೊಡಗಿದವು.

"ನರದಲ್ಲಿ ಕೆಲವು ಕಿಣ್ವಗಳಿರ್ತವೆ ಸಾರ್, ಈ ಔಷಧ ಅವುಗಳ ಕತ್ತು ಹಿಸುಕುತ್ತೆ. ನೊಣ ಅಲ್ಲೇ ಸಾಯುತ್ತೆ. ಇಲಿ ಸುಧಾರಿಸ್ಕೊಳ್ಳುತ್ತೆ. ಕೋಳಿಗೆ ನಿಧಾನಕ್ಕೆ ಕಾಲು ಹೋಗುತ್ತೆ. ಮನುಷ್ಯ ಯಾವ ಕಡೆ ಅಂತ ಗೊತ್ತಾಗೋವರೆಗೂ ನಾನು ಸಹಿ ಹಾಕಲ್ಲ."

"ನಮ್ಮ ಗಿರಾಕಿಗಳು ಕೋಳಿಗಳಲ್ಲಮ್ಮಾ!"

"ಇಲಿಗಳೂ ಅಲ್ಲ."

ಅಂದೇ ಅವಳನ್ನು ಮನೆಗೆ ಕಳಿಸಿದರು. ಸಹಿ ಬೇರೆ ಯಾರೋ ಹಾಕಿದರು. ಅವಳು ಒಂದು ಕುಂಟು ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು, ಕಾವಲಿನವನ ಎದುರಿಗೇ ಗೇಟು ದಾಟಿದಳು.

*

"ಮಾತಾಡಿ," ಎಂದಳು ಮಗಳು. "ಇಲಿ ವಿಷಯ ಹೇಳಿ, ಕೋಳಿ ವಿಷಯಾನೂ ಹೇಳಿ. ಆಗಲ್ಲ ಅಂದ್ರೆ ಚಕ್ರ ಎತ್ಕೊಂಡು ಹೊರಡಿ."

"ಸಾವಿನ ಮನೇಲಿ ಇದೆಲ್ಲ ಯಾಕಮ್ಮಾ? ಯಾರಿಗಾದ್ರೂ ಏನಾದ್ರೂ ಆಗಿದ್ಯಾ?"

ಮಾವ ಎದ್ದ. "ತಡೀರಿ ಸಾರ್. ನಿಮ್ಮ ಹಳೇ ಪರಿಚಯದವರೊಬ್ರು ಹೊರಗಡೆ ಇದಾರೆ, ಕರೀತೀನಿ."

ಅಂಗಳದಲ್ಲಿ ಗೂಡಿನ ಬಾಗಿಲು ಕಿರುಗುಟ್ಟಿತು. ಮುದಿ ಕೋಳಿ ಕಾಲೆಳೆಯುತ್ತ ಹೊಸ್ತಿಲ ತನಕ ಬಂದು, ಹತ್ತಲಾರದೆ ಜಾರಿತು. ಪಕ್ಕದ ಮನೆಯ ಅಜ್ಜಿ "ಅಯ್ಯೋ ಪಾಪ," ಎನ್ನುತ್ತ ಕೈ ಚಾಚಿದಳು.

"ಎತ್ಬೇಡಿ ಅಜ್ಜಿ," ಎಂದಳು ಮಗಳು. "ನಡೀಲಿ. ನೋಡ್ಲಿ ಎಲ್ರೂ."

ಕೂತಿದ್ದವರು ಒಬ್ಬೊಬ್ಬರಾಗಿ ಸರಿದು ದಾರಿ ಬಿಟ್ಟರು. ಕೋಳಿ ರೆಕ್ಕೆಗಳನ್ನು ಅಗಲಿಸಿ ನೆಲಕ್ಕೂರಿ ಇನ್ನೊಮ್ಮೆ ಹಾರಿ ಹೊಸ್ತಿಲೇರಿತು. ಕಂಪನಿಯ ಹೆಸರಿದ್ದ ರಿಬ್ಬನ್ನನ್ನು ತುಳಿದುಕೊಂಡು ಒಡತಿಯ ಕಡೆ ಹೊರಟಿತು. ಮ್ಯಾನೇಜರು ಕಾಲು ಹಿಂದಕ್ಕೆಳೆದುಕೊಂಡರು.