ಹಾದಿ ಬರೆದವಳ ಗಾಡಿ

ಅರಿಜೋನಾದ ಗ್ಲೋಬ್ ಊರಿನ ನಮ್ಮ ಬೈಕ್ ಸಂಘಕ್ಕೆ ಇದ್ದದ್ದು ಒಂದೇ ಕಾನೂನು: ವರ್ಷದ ಯಾತ್ರೆಯ ಹಾದಿಯನ್ನು ಯಾರು ಬರೆಯುತ್ತಾರೋ ಅವರ ಗಾಡಿಯೇ ಮುಂದೆ. ಹತ್ತೊಂಬತ್ತು ವರ್ಷದಿಂದ ಬರೆಯುತ್ತಿರುವವಳು ನನ್ನ ಸೋದರತ್ತೆ ಡೆಲ್ಫೀನಾ. ತಾಮ್ರದ ಗಣಿಯಲ್ಲಿ ಮನೆಯಷ್ಟು ದೊಡ್ಡ ಲಾರಿ ಓಡಿಸಿ ನಿವೃತ್ತಳಾದವಳು. ವಯಸ್ಸು ಅರವತ್ತೊಂಬತ್ತು. ಕಳೆದ ಚಳಿಗಾಲದಲ್ಲಿ ಎಡಸೊಂಟಕ್ಕೆ ಲೋಹದ ಕೀಲು ಕೂರಿಸಿಕೊಂಡಳು. ಅವತ್ತಿನಿಂದ ಅಧ್ಯಕ್ಷ ಬಾಯ್ಡ್‌ಗೆ ಒಂದೇ ಆಸೆ, ಅವಳನ್ನು ಸಾಮಾನಿನ ಟ್ರಕ್ಕಿನಲ್ಲಿ ಕೂರಿಸಿ ತಾನು ಮುಂದೆ ಹೋಗಬೇಕು ಅಂತ. ನೆಪವೊಂದು ಬೇಕಿತ್ತು.

ಮೇ ತಿಂಗಳ ಶನಿವಾರ ಮಧ್ಯಾಹ್ನ ಬಾಯ್ಡ್‌ನ ಟೈರ್ ಅಂಗಡಿಯ ಹಿತ್ತಲಲ್ಲಿ ಸಭೆ. ನಾವು ಹನ್ನೊಂದು ಜನ ಬುರಿಟೊ ಕಚ್ಚುತ್ತ ನಿಂತಿದ್ದೆವು. ಅತ್ತೆ ಎಣ್ಣೆ ಪೀಪಾಯಿಯ ಮೇಲೆ ಕಾಗದದ ನಕ್ಷೆ ಹರಡಿದಳು.

"ಎಂಟಕ್ಕೆ ಹೊರಡೋದು. ಸಾಲ್ಟ್ ನದಿ ಕಣಿವೆ ಇಳೀವಾಗ ಯಾರೂ ಶೋಕಿ ಮಾಡ್ಬೇಡಿ, ಕೆಳಗೆ ನದಿ ಇದೆ, ಅತ್ತೆಮನೆ ಅಲ್ಲ. ಹಾಲ್‌ಬ್ರುಕ್‌ನಲ್ಲಿ ಪೆಟ್ರೋಲು, ಊಟ. ಆಮೇಲೆ ಬಣ್ಣದ ಮರಳುಗಾಡು, ನವಾಹೊ ನಾಡು. ಎರಡೂವರೆಗೆ ಅಲ್ಲಿನ ಚಿನ್ಲಿ ಊರು. ಮೂರಕ್ಕೆ ಗೈಡ್ ಬೆನಾಲಿಯವರ ಜೀಪು ನಮ್ಮನ್ನ ಕೆಂಪು ಕಣಿವೆ ಒಳಗೆ ಕರ್ಕೊಂಡು ಹೋಗತ್ತೆ."

"ಎರಡೂವರೆ? ಯಾರ ಗಡಿಯಾರದಲ್ಲಿ, ಡೆಲ್ಫೀನಮ್ಮ?" ಬಾಯ್ಡ್ ಬೆಲ್ಲ ಮೆದ್ದವನ ಹಾಗೆ ಕೇಳಿದ.

ಅತ್ತೆಯ ಪೆನ್ಸಿಲ್ ನಿಂತಿತು. ಬೇಸಿಗೆಯಲ್ಲಿ ನವಾಹೊ ಬುಡಕಟ್ಟಿನವರ ನಾಡು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ಉಳಿದ ಅರಿಜೋನಾದ ನಾವು ಯಾರ ಮಾತಿಗೂ ಮುಳ್ಳು ತಿರುಗಿಸುವವರಲ್ಲ. ನಮ್ಮ ಎರಡೂವರೆಗೆ ಅಲ್ಲಿ ಮೂರೂವರೆ, ಜೀಪು ಹೋಗಿ ಅರ್ಧ ಗಂಟೆ ಆಗಿರುತ್ತದೆ. ಹೊಸಬರಿಗೆಲ್ಲ ಈ ಪಾಠ ಹೇಳುತ್ತಿದ್ದವಳೇ ಅತ್ತೆ.

ಅವಳು ಎಂಟನ್ನು ಅಳಿಸಿ ಆರೂವರೆ ಬರೆದಳು. "ತಪ್ಪಾಗಿತ್ತು. ಸರಿಯಾಯ್ತು. ಮುಂದೆ..."

"ಮುಂದೆ ನಾನಿರ್ತೀನಿ," ಬಾಯ್ಡ್ ಆಕಾಶವಾಣಿಯ ದನಿ ತೆಗೆದ. "ಬೇಜಾರು ಮಾಡ್ಕೋಬೇಡಿ. ಮರೆವು ಬಂದಿದೆ, ಸೊಂಟ ಹೋಗಿದೆ. ಟ್ರಕ್ಕಿನಲ್ಲಿ ಏಸಿ ಇದೆ, ಮೆತ್ತನೆ ಸೀಟಿದೆ."

"ಬಾಯ್ಡ್, ನಾನು ತಪ್ಪಿದ್ದು ಗಡಿಯಾರದಲ್ಲಿ, ಕ್ಲಚ್ಚಿನಲ್ಲಲ್ಲ. ಸೊಂಟ ಸ್ವಂತದ್ದಲ್ಲ, ಒಪ್ಕೊಂಡೆ. ಗಾಡಿ ಸ್ವಂತದ್ದು."

ಜನ ನಕ್ಕರು. ಬಾಯ್ಡ್ ನಗಲಿಲ್ಲ. "ಗಾಡಿ ಬಿದ್ರೆ ಯಾರು ಎತ್ತೋದು? ಬಿದ್ದ ಗಾಡಿನ ತಾನೇ ಎತ್ತಲಾರದವರು ಯಾತ್ರೆಗೆ ಬರಬಾರದು. ಅಧ್ಯಕ್ಷನಾಗಿ ಹೇಳ್ತಿದೀನಿ."

ಸಂಘದ ಕಾನೂನು ಎರಡಾಯಿತು.

"ಒಳ್ಳೆ ಕಾನೂನು," ಅಂದಳು ಅತ್ತೆ. "ಎಲ್ರಿಗೂ ತಾನೆ? ಅಧ್ಯಕ್ಷರಿಂದಲೇ ಶುರುವಾಗ್ಲಿ. ನಿನ್ನ ಗಾಡಿ ಮಲಗಿಸು."

ಬಾಯ್ಡ್‌ನ ಗಾಡಿ ನಾನೂರು ಕಿಲೋ. ಅದಕ್ಕೆ ರೇಡಿಯೋ ಇದೆ, ಲೋಟ ಇಡುವ ಗೂಡಿದೆ, ದಾರಿ ಹೇಳುವ ಹೆಂಗಸಿನ ದನಿಯಿದೆ. ಅವನು ಅದನ್ನು ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಮೆಲ್ಲಗೆ ನೆಲಕ್ಕೆ ಒರಗಿಸಿದ. ಆಮೇಲೆ ಹ್ಯಾಂಡಲ್ ಹಿಡಿದು ಜಗ್ಗಿದ. ಮುಖ ತಾಮ್ರವಾಯಿತು. ಗಾಡಿ ಮಾತ್ರ ಮಗ್ಗುಲು ಬದಲಿಸಲಿಲ್ಲ.

ಶಾಲೆಯಲ್ಲಿ ಮೇಷ್ಟ್ರಾದ ನಾನು ಆ ಯಂತ್ರದ ಹೆಂಗಸಿನ ದನಿಯಲ್ಲೇ ಮೂಗಿನಿಂದ ಹೇಳಿದೆ: "ನೀವು ಗಮ್ಯಸ್ಥಾನ ತಲುಪಿದ್ದೀರಿ."

"ಬಾಯ್ಮುಚ್ರೀ ಮೇಷ್ಟ್ರೇ!" ಬಾಯ್ಡ್ ಸಿಡುಕಿದ. " ನಂದು ಬಿಡಿ, ಈಗ ಅವರು ಎತ್ತಲಿ!"

ಅತ್ತೆ ಪೆಟ್ರೋಲಿನ ತಿರುಪು ಮುಚ್ಚಿ ತನ್ನ ಹಳೆಯ ಗಾಡಿಯನ್ನು ಮಲಗಿಸಿದಳು. ಇನ್ನೂರೈವತ್ತು ಕಿಲೋ. ಅದಕ್ಕೆ ಬೆನ್ನು ಕೊಟ್ಟು ಕುಕ್ಕರಿಸಿ, ಸೀಟಿಗೆ ಕುಂಡೆ ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು ಒತ್ತಿದಳು. ಗಾಡಿ ಗೇಣುದ್ದ ಎದ್ದಿತು. ಎಡಗಾಲು ಭಾರ ತಾಳಲಿಲ್ಲ. ಗಾಡಿ ಮತ್ತೆ ಕೂತಿತು. ನಾನು ಕೈ ಹಾಕಲು ಓಡಿದೆ.

"ಮುಟ್ಟಿದ್ಯೋ, ನಿನ್ನ ಸೊಂಟಾನೂ ಬದಲಾಯಿಸಬೇಕಾಗತ್ತೆ!"

ಅತ್ತೆ ಬಲಗಾಲನ್ನು ಚೂರು ಹಿಂದಿಟ್ಟು, ಕಣ್ಣುಮುಚ್ಚಿ ಒತ್ತಿದಳು. ಒಂದು ಪುಟ್ಟ ಹೆಜ್ಜೆ ಹಿಂದಕ್ಕೆ. ಇನ್ನೊಂದು. ಮತ್ತೊಂದು. ಗಾಡಿ ನೆಟ್ಟಗೆ ನಿಂತಿತು. ಅವಳೂ ನಿಂತಳು, ಅದಕ್ಕೇ ಒರಗಿ, ಬೆವರಿ, ಏದುಸಿರು ಬಿಡುತ್ತ.

"ಮುಂದೆ ಯಾರು?" ಅಂದಳು.

ಬಾಯ್ಡ್ ನೆಲ ನೋಡುತ್ತಲೇ, "ನೀವೇ," ಅಂದ. ಇಬ್ಬರು ಅವನ ಗಾಡಿ ಎತ್ತಲು ಬಗ್ಗಿದರು.

"ಯಾರೂ ಕೈ ಹಚ್ಬೇಡಿ," ಅತ್ತೆ ಗದರಿದಳು. "ಬಾ ಮಗಾ, ಅದಕ್ಕೆ ಬೆನ್ನು ಕೊಟ್ಟು ಕೂತ್ಕೋ. ತೋಳಿಂದಲ್ಲ, ತೊಡೆಯಿಂದ ಎತ್ಬೇಕು. ಹೊತ್ತು ಮುಳುಗೋಕೆ ಇನ್ನೂ ಬೇಕಾದಷ್ಟು ಸಮಯ ಇದೆ."