ಅವಸರದ ಹೂಂ

"ಮುನ್ನೂರ ಹನ್ನೆರಡು ಪುಟ," ಎಂದು ಕತ್ತರಿ ಮೇಷ್ಟ್ರು ಪ್ರಬಂಧವನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು. "ವಿಷಯ ಏನಪ್ಪಾ ಅಂದ್ರೆ, ಹೂಂ."

ಸೆಮಿನಾರ್ ಹಾಲಿನ ಮುಂದಿನ ಸಾಲಿನಲ್ಲಿ ಯಾರೋ ನಗುವನ್ನು ಕೆಮ್ಮಾಗಿ ಬದಲಾಯಿಸಿಕೊಂಡರು. ಮೇಜಿನ ಈಚೆ ನಿಂತಿದ್ದ ಹೂಂಕಾರಮ್ಮ ಮಾತ್ರ ಮಿಸುಕಲಿಲ್ಲ. ಸಂಜೆ ತರಗತಿಯಲ್ಲಿ ಜರ್ಮನ್ ಕಲಿಸುವ ಆಕೆಗೆ ಈ ಹೆಸರಿಟ್ಟದ್ದು ವಿಭಾಗದ ಜವಾನ. ಒಂಬತ್ತು ವರ್ಷದಲ್ಲಿ ಅದು ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ, ಅವಳ ಅಸಲಿ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಭೂಮಿಯ ಮೇಲೆ ಇನ್ನಾರಿಗೂ ನೆನಪಿರಲಿಲ್ಲ.

ಕತ್ತರಿ ಮೇಷ್ಟ್ರು ಹೊರಗಿನಿಂದ ಬಂದ ಪರೀಕ್ಷಕರು. ಅವರ ಕೈಗೆ ಹೋದ ಪ್ರಬಂಧ ಇಡಿಯಾಗಿ ವಾಪಸ್ಸು ಬಂದದ್ದನ್ನು ಸೂರ್ಯ ಚಂದ್ರರೂ ನೋಡಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರೆ ಮೂರು ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಒಟ್ಟಿಗೇ ಬಿಕ್ಕಳಿಕೆ ಹತ್ತುತ್ತಿತ್ತು. ಇವತ್ತು ಅವರು "ತಿದ್ದಿ ಮತ್ತೆ ಸಲ್ಲಿಸಿ" ಎಂದು ಒಂದೇ ಸಾಲು ಗೀಚಿದರೆ ಸಾಕಿತ್ತು. ಹೂಂಕಾರಮ್ಮನ ನೋಂದಣಿಯ ಗಡುವು ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತಿತ್ತು. ಎರಡು ಸಲ ವಿಸ್ತರಣೆ ಆಗಿತ್ತು, ಮೂರನೆಯದಕ್ಕೆ ನಿಯಮದಲ್ಲಿ ಜಾಗವಿರಲಿಲ್ಲ. ಒಂಬತ್ತು ವರ್ಷ, ನಾಲ್ಕು ಸಾವಿರದ ಇನ್ನೂರ ಆರು ಹೂಂ, ಎಲ್ಲವೂ ರದ್ದಿಗೆ.

ಆ ಹೂಂಗಳನ್ನು ಅವಳು ಹಿಡಿದದ್ದು ತನ್ನ ತರಗತಿಯಲ್ಲೇ. ಲಾರಿ ಚಾಲಕರು, ಅಡುಗೆಯವರು, ವಿದೇಶಿ ಅಳಿಯನನ್ನು ಅವನ ಭಾಷೆಯಲ್ಲೇ ಬೈಯಬೇಕೆಂದು ಬರುತ್ತಿದ್ದ ಒಬ್ಬ ಅಜ್ಜಿ, ಇವರೆಲ್ಲರ ನಡುವೆ ಧ್ವನಿಮುದ್ರಕ ಇಟ್ಟು ಹಿಡಿದಿದ್ದಳು. ಕಲಿಸುವವರು "ಅರ್ಥ ಆಯ್ತಾ?" ಎನ್ನುತ್ತಾರೆ, ಕಲಿಯುವವರು "ಹೂಂ" ಎನ್ನುತ್ತಾರೆ, ಜಗತ್ತಿನ ಸಮಸ್ತ ಭಾಷಾ ತರಗತಿಗಳೂ ಈ ಒಂದು ಸುಳ್ಳಿನ ಮೇಲೆ ನಿಂತಿವೆ. ಅವಳು ಒಂದೊಂದು ಹೂಂ ಬಂದ ಹೊತ್ತನ್ನೂ ಅಳೆದಳು. ಆಮೇಲೆ ಹೂಂ ಅಂದವರ ಮುಂದೆ ಒಂದು ಹಾಳೆಯಿಟ್ಟು, ಅವರಿಗೆ ನಿಜವಾಗಿ ತಿಳಿದಿತ್ತೋ ಇಲ್ಲವೋ ನೋಡಿದಳು. ಹೊರಬಿದ್ದದ್ದು ಇಷ್ಟು: ತಿಳಿದವರ ಹೂಂ ಒಂದು ಉಸಿರು ತಡವಾಗಿ ಬರುತ್ತದೆ, ತಿಳಿಯದವರದು ವಾಕ್ಯ ಮುಗಿಯುವ ಮೊದಲೇ ನುಗ್ಗಿ ಬರುತ್ತದೆ. ಅದಕ್ಕೆ ಅವಳು ಕೊಟ್ಟ ಹೆಸರು ಅವಸರದ ಹೂಂ.

ಇದರ ಬೀಜ ಮಾತ್ರ ಅವಳದಲ್ಲ, ಅಮ್ಮನದು. ಅಮ್ಮ ಮೂವತ್ತನಾಲ್ಕು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದವಳು. ಖಾಲಿ ಹೊಟ್ಟೆಗೆ ಈ ಮಾತ್ರೆ ತಗೋ, ಅನ್ನುವಷ್ಟರಲ್ಲೇ ರೋಗಿ ಹೂಂ ಅಂದುಬಿಡುತ್ತಿದ್ದ. ಹಿಂದಿನಿಂದ ಬರುವ 'ಬೇಡಿ' ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. "ನಮ್ಮ ಮಾತಲ್ಲಿ ಬೇಕೋ ಬೇಡವೋ ಅನ್ನೋದು ಬಾಲದಲ್ಲಿರುತ್ತೆ ಕಣೇ," ಎಂದು ಅಮ್ಮ ಒಂದು ದಿನ ಬಟ್ಟೆ ಮಡಚುತ್ತ ಹೇಳಿದ್ದಳು. "ಬಾಲ ಬರೋವರೆಗೂ ಕಾಯದವನಿಗೆ ನಾನೇ ನಿಂತು ಮಾತ್ರೆ ನುಂಗಿಸ್ತಿದ್ದೆ."

ಕತ್ತರಿ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. "ಯಂತ್ರ ಇಟ್ಟು ಅಳೆದಿದ್ದೀರಿ, ಸರಿ. ಕ್ಲಾಸಲ್ಲಿ ಮೇಷ್ಟ್ರು ಯಂತ್ರ ಹಿಡ್ಕೊಂಡು ನಿಂತಿರ್ತಾರಾ ಮೇಡಂ? ಬರೀ ಕಿವಿಗೇ ಇದು ಗೊತ್ತಾಗುತ್ತೆ ಅಂತ ಕೊನೇ ಅಧ್ಯಾಯದಲ್ಲಿ ಬರೆದಿದ್ದೀರಲ್ಲ, ಯಾರ ಕಿವಿಗೆ?"

ಐದು ಜನ ಶಿಕ್ಷಕರಿಗೆ ಕೇಳಿಸಿ ನೋಡಿದ್ದಾಗಿ ಅವಳು ಹೇಳಿದಳು, ಕೋಷ್ಟಕದ ಸಂಖ್ಯೆಯನ್ನೂ ಹೇಳಿದಳು. ಅವರೆಲ್ಲ ನಿಮ್ಮ ಜೊತೆ ಚಹಾ ಕುಡಿಯುವವರು, ನಿಮಗೆ ಬೇಜಾರಾಗದ ಹಾಗೆ ಕೇಳಿಸಿಕೊಂಡಿರುತ್ತಾರೆ ಎಂದರು ಅವರು. ಪಕ್ಕದಲ್ಲಿದ್ದ ಗೈಡ್ ಮೇಡಂ ನೀರಿನ ಲೋಟ ಎತ್ತಿ, ಕುಡಿಯದೆ ಹಾಗೇ ಕೆಳಗಿಟ್ಟರು. ಕತ್ತರಿ ಮೇಷ್ಟ್ರ ಕಣ್ಣು ಹಾಲಿನ ಉದ್ದಕ್ಕೂ ತೆವಳಿ, ಕೊನೆಯ ಸಾಲಿನಲ್ಲಿ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸಿನ ಮೇಲೆ ನಿಂತಿತು.

"ನಿಮಗೆ ಜರ್ಮನ್ ಬರುತ್ತೇನಮ್ಮಾ?"

"ಊಹೂಂ."

"ಬನ್ನಿ ಹಾಗಾದ್ರೆ."

"ಸರ್, ಅವರು ನಮ್ಮಮ್ಮ," ಎಂದಳು ಹೂಂಕಾರಮ್ಮ. ಈ ಮಾತನ್ನು ನುಂಗಿದ್ದರೂ ಆ ಕ್ಷಣಕ್ಕೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಂಬತ್ತು ವರ್ಷ ಬೇರೆಯವರ ಸುಳ್ಳು ಎಣಿಸಿದವಳಿಗೆ ತನ್ನದೊಂದನ್ನು ಸೇರಿಸಲು ಮನಸ್ಸಾಗಲಿಲ್ಲ.

ಪರೀಕ್ಷಕರು ಯೋಚಿಸಿದರು. "ಇನ್ನೂ ಒಳ್ಳೇದಾಯ್ತು. ಮಕ್ಕಳ ಪ್ರಬಂಧ ಓದಿರೋ ಅಮ್ಮಂದಿರನ್ನ ನಾನು ಇವತ್ತಿನವರೆಗೂ ನೋಡಿಲ್ಲ."

ತರಗತಿಯ ಧ್ವನಿಮುದ್ರಣದಿಂದ ಇಪ್ಪತ್ತು ತುಣುಕುಗಳನ್ನು ಅವರೇ ಆರಿಸಿದರು, ಯಾರದೆಂಬುದನ್ನು ಮುಚ್ಚಿಟ್ಟರು. ಅಮ್ಮ ಕನ್ನಡಕ ಏರಿಸಿ, ಆಹ್ವಾನ ಪತ್ರದ ಬೆನ್ನಿಗೆ ಒಂದರಿಂದ ಇಪ್ಪತ್ತರವರೆಗೆ ಬರೆದುಕೊಂಡಳು. ಅರ್ಥವಾದವರ ಮುಂದೆ ಸರಿ ಗುರುತು, ಆಗದವರ ಮುಂದೆ ತಪ್ಪು ಗುರುತು. ಮೊದಲ ತುಣುಕು ಶುರುವಾದಾಗ ಕಣ್ಣು ಮುಚ್ಚಿ, ಮೇಜಿನ ಅಂಚಿನ ಮೇಲೆ ಎರಡು ಬೆರಳಿಟ್ಟಳು, ಅಲ್ಲಿ ಯಾರದೋ ಮಣಿಕಟ್ಟು ಇದ್ದ ಹಾಗೆ. ಆಮೇಲೆ ಹಾಲಿನಲ್ಲಿ ಜರ್ಮನ್ ಮತ್ತು ಹೂಂ ಬಿಟ್ಟರೆ ಬೇರೆ ಸದ್ದಿಲ್ಲ. ಫ್ಯಾನು ಕೂಡ ಕಿರುಗುಟ್ಟುವುದನ್ನು ನಿಲ್ಲಿಸಿತ್ತು. ಹನ್ನೊಂದು ವರ್ಷದಲ್ಲಿ ಅದು ಹಾಗೆ ಮಾಡಿದ್ದು ಅದೇ ಮೊದಲು.

ಕತ್ತರಿ ಮೇಷ್ಟ್ರು ಅನುಬಂಧದ ಪುಟಕ್ಕೆ ಆ ಹಾಳೆಯನ್ನು ಜೋಡಿಸಿ ಹಿಡಿದು ಒಂದೊಂದೇ ಓದಿದರು. ಮೊದಲನೆಯದು ಸರಿ. ಎರಡನೆಯದು ಸರಿ. ಎಂಟನೆಯದಕ್ಕೆ ಬರುವಾಗ ಅವರ ದನಿ ತಗ್ಗಿತು, ಹನ್ನೆರಡಕ್ಕೆ ಬರುವಾಗ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಹದಿನೇಳಕ್ಕೆ ನಿಂತರು. ಮುಖ ಅರಳಿತು.

"ಇಲ್ಲಿ ತಪ್ಪಿದ್ರಿ. ಅರ್ಥ ಆಗಿದೆ ಅಂತ ಹಾಕಿದ್ದೀರಿ. ಈ ಮನುಷ್ಯ ಖಾಲಿ ಹಾಳೆ ಕೊಟ್ಟಿದ್ದಾನೆ."

"ಅರ್ಥ ಆಗಿದೆ ಸಾರ್," ಎಂದಳು ಅಮ್ಮ. "ಬರೆಯೋಕೆ ಮನಸ್ಸಿರಲಿಲ್ಲ. ಎಲ್ಲಿಗೋ ಹೊರಟಿದ್ದ."

ಹೂಂಕಾರಮ್ಮ ಪ್ರಬಂಧದ ಕಡೆ ಕೈ ತೋರಿಸಿದಳು. "ಪುಟ ಇನ್ನೂರ ಹದಿನಾಲ್ಕು, ಸರ್. ಅಡಿಟಿಪ್ಪಣಿ."

ಅವರು ಪುಟ ತಿರುವಿದರು. ಇರುವೆ ಗಾತ್ರದ ಅಕ್ಷರದಲ್ಲಿ ಅಲ್ಲಿತ್ತು: ಈ ಲಾರಿ ಚಾಲಕ ಪ್ರಶ್ನೆಗಳಿಗೆ ಉತ್ತರ ಬರೆದಿಲ್ಲ, ಹಾಳೆಯ ಹಿಂಬದಿಯಲ್ಲಿ, ಒಂದೂ ತಪ್ಪಿಲ್ಲದ ಜರ್ಮನ್‌ನಲ್ಲಿ, 'ನನ್ನ ಲಾರಿ ಗೇಟಿಗೆ ಅಡ್ಡ ನಿಂತಿದೆ, ಕ್ಷಮಿಸಿ, ನಾನು ಹೋಗಲೇಬೇಕು' ಎಂದು ಬರೆದು ಹೋಗಿದ್ದಾನೆ, ನಿಯಮದ ಪ್ರಕಾರ ಇದನ್ನು ತಿಳಿಯದವರ ಲೆಕ್ಕಕ್ಕೇ ಸೇರಿಸಲಾಗಿದೆ.

ಕತ್ತರಿ ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಉಳಿದ ಮೂರನ್ನೂ ನೋಡಿದರು, ಮೂರೂ ಸರಿಯಿದ್ದವು. ಹಾಳೆಯನ್ನು ಅಮ್ಮನಿಗೆ ಎರಡೂ ಕೈಯಿಂದ ವಾಪಸ್ಸು ಕೊಟ್ಟು, "ನಿಜ ಹೇಳಿ, ಮಗಳ ಪ್ರಬಂಧ ಓದಿಕೊಂಡು ಬಂದಿದ್ದೀರಿ ತಾನೇ?" ಎಂದು ಕೇಳಿದರು.

"ಎಲ್ಲಿ ಸಾರ್. ಓದಿದ್ಯಾ ಅಮ್ಮಾ ಅಂತ ಇವಳು ಕೇಳಿದಾಗಲೆಲ್ಲ ಹೂಂ ಅಂದಿದ್ದೀನಿ."

ಆ ನಗು ಮೂರು ಮಹಡಿ ಇಳಿದು ಬಸ್ ನಿಲ್ದಾಣದವರೆಗೂ ಹೋಯಿತು. ಕತ್ತರಿ ಮೇಷ್ಟ್ರು ನಕ್ಕಿದ್ದನ್ನು ಕಣ್ಣಾರೆ ಕಂಡೆವೆಂದು ಇಂದಿಗೂ ಹೇಳಿಕೊಳ್ಳುವ ನಲವತ್ತು ಜನರಿದ್ದಾರೆ. ಅಂದು ಹಾಲಿನಲ್ಲಿದ್ದದ್ದು ಹದಿನೆಂಟೇ ಜನ. ಹೂಂಕಾರಮ್ಮ ಮಾತ್ರ ನಗಲಿಲ್ಲ. ಅವಳ ಕಣ್ಣು ಮುಚ್ಚಳ ತೆಗೆದೇ ಇದ್ದ ಆ ಪೆನ್ನಿನ ಮೇಲಿತ್ತು.

ಪರೀಕ್ಷಕರು ಒಳಗಿನ ಕೋಣೆಗೆ ಹೋದರು. ಹತ್ತು ನಿಮಿಷ ಕಳೆದು, ಅವಳ ಲೆಕ್ಕದಲ್ಲಿ ಇನ್ನೊಂದು ಒಂಬತ್ತು ವರ್ಷ ಕಳೆದು, ವಾಪಸ್ಸು ಬಂದರು. ಎಲ್ಲರೂ ಎದ್ದು ನಿಂತರು. ಕತ್ತರಿ ಮೇಷ್ಟ್ರು ವರದಿಯನ್ನು ತೋಳಿನಷ್ಟು ದೂರ ಹಿಡಿದು, ಅಂಥ ಸಂದರ್ಭಕ್ಕೇ ಇಟ್ಟುಕೊಂಡಿದ್ದ ಗಂಭೀರ ದನಿಯಲ್ಲಿ ಓದತೊಡಗಿದರು.

"ಈ ಪ್ರಬಂಧವನ್ನು ಯಾವುದೇ ತಿದ್ದುಪಡಿಯಿಲ್ಲದೆ ಪದವಿಗೆ ಅಂಗೀಕರಿಸಲು ಮಂಡಳಿಯು ಶಿಫಾರಸು ಮಾಡು..."

ಅಲ್ಲಿ ಅವರು ನಿಂತರು. ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು.

"ಹೂಂ," ಎಂದಳು ಹೂಂಕಾರಮ್ಮ.

ಕತ್ತರಿ ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಪೆನ್ನಿಗೆ ಮುಚ್ಚಳ ಹಾಕಿ, "...ತ್ತದೆ," ಎಂದರು.

ಕಿಟಕಿಯ ಗಾಜು ಅದುರುವ ಹಾಗೆ ಚಪ್ಪಾಳೆ ಬಿತ್ತು. ಗೈಡ್ ಮೇಡಂ ಕೊನೆಗೂ ನೀರು ಕುಡಿದರು. ಕೊನೆಯ ಸಾಲಿನಲ್ಲಿ ಅಮ್ಮ ಮತ್ತೆ ಕೂತು, ಆಹ್ವಾನ ಪತ್ರವನ್ನು ತೊಡೆಯ ಮೇಲೆ ಹರವಿ, ಇಪ್ಪತ್ತರ ಕೆಳಗೆ ಇಪ್ಪತ್ತೊಂದು ಎಂದು ಬರೆದು, ಅದರ ಮುಂದೆ ನಿಧಾನವಾಗಿ ಒಂದು ತಪ್ಪು ಗುರುತು ಹಾಕಿದಳು.